ಚಿಲ್ಲರೆ

ಹನ್ನೆರಡಕ್ಕೆ ಕಿಟಕಿ ತೆರೆಯುತ್ತದೆ ಎಂದಿದ್ದರು.
ಕಿಟಕಿಯೇನೂ ಇಲ್ಲ. ಮೊಬೈಲಿನೊಳಗೆ ಒಂದು ಬಿಳಿ ಗೆರೆ,
ಗೆರೆಯ ಮೇಲೆ ನಡೆಯುವ ಒಂದು ಪುಟಾಣಿ ಬೊಂಬೆ:
ನಿಮ್ಮ ಮುಂದೆ ನಲವತ್ತೊಂದು ಸಾವಿರದ ಇನ್ನೂರಾರು ಜನ.

ಕಾರವಾರ ಸ್ಟ್ಯಾಂಡಿನಲ್ಲಿ ನಮ್ಮ ಮಾಜಾಳಿ ಗಾಡಿ ನಿಂತಿದೆ.
ಇನಾಸ ಚಾ ಕುಡಿಯಲು ಹೋಗಿದ್ದಾನೆ.
ತೊಡೆಯ ಮೇಲೆ ಚರ್ಮದ ಚೀಲ, ಚೀಲದ ಮೇಲೆ ಮೊಬೈಲು,
ಹದಿನೇಳು ವರ್ಷ ಮಂದಿಯನ್ನು ಸಾಲಿಗೆ ಹಚ್ಚಿದವಳು
ಮೊದಲ ಸಲ ಸಾಲಿನಲ್ಲಿ ಕೂತಿದ್ದೇನೆ.
"ಒಳಗೆ ಹೋಗ್ರಿ, ಹಿಂದೆ ಜಾಗ ಅದೆ" ಎಂದು ಕೂಗುವಂತಿಲ್ಲ.
ಕಿಟಕಿಯಿಂದ ಟವೆಲು ಎಸೆದು ಜಾಗ ಹಿಡಿಯುವಂತಿಲ್ಲ.

ಬೇಗ ಬಂದ ಹಕ್ಕಿಗೆ ಕಡಿಮೆ ದರವಂತೆ.
ಬೆಳಗಿನ ಐದೂ ನಲವತ್ತರ ಗಾಡಿ ಹೊರಡಿಸುವವಳು ನಾನು,
ನನಗಿಂತ ಮೊದಲು ಎದ್ದ ಹಕ್ಕಿಯನ್ನು
ಬೈತಖೋಲದ ಬಂದರಿನಲ್ಲೂ ಕಂಡಿಲ್ಲ.
ಆದರೂ ಆ ದರ ಹೋದ ತಿಂಗಳೇ ಮುಗಿದಿದೆ,
ಎರಡನೆಯದು ಮೊನ್ನೆ. ಇದು ಮೂರನೆಯದು.
ಸ್ಟೇಜಿಗೊಂದು ದರ ನನಗೇನು ಹೊಸತಲ್ಲ:
ಕೋಡಿಬಾಗ, ಸದಾಶಿವಗಡ, ಮಾಜಾಳಿ.
ಗಾಡಿ ನಿಂತಲ್ಲೇ ನಿಂತು ದರ ಮಾತ್ರ ಓಡುವುದು ಹೊಸತು.

ನನಗ್ಯಾಕೆ ಬೇಕಿತ್ತು?
ಹೋದ ವರ್ಷ ಮಡಗಾಂವದಿಂದ ಮರಳುವಾಗ
ಕಾಣಕೋಣ ದಾಟಿ ಬೆಲ್ಟ್ ಹರಿದು ಗಾಡಿ ನಿಂತಿತು.
ಇದ್ದ ನಾಲ್ಕು ಮಂದಿಯನ್ನು ಹಿಂದಿನ ಬಸ್ಸಿಗೆ ಹತ್ತಿಸಿ
ಮೆಕ್ಯಾನಿಕ್ಕಿನ ದಾರಿ ಕಾದೆವು.
ತೆಂಗಿನ ಸಾಲಿನಾಚೆ, ಕಣ್ಣಿಗೆ ಕಾಣದಲ್ಲಿ,
ಧಂ, ಧಂ, ಧಂ, ಧಂ.
ಹಾಡಲ್ಲ. ಹಾಡಾಗಿದ್ದರೆ ನಿದ್ದೆ ಬರುತ್ತಿತ್ತು.
ಮೊದಲು ಕಿಟಕಿಯ ಸರಳು ಕೇಳಿಸಿಕೊಂಡಿತು,
ಆಮೇಲೆ ಫುಟ್‌ಬೋರ್ಡಿನ ತಗಡು,
ಆಮೇಲೆ ನನ್ನ ಚೀಲದ ಚಿಲ್ಲರೆ:
ಒಂದು, ಎರಡು, ಐದರ ನಾಣ್ಯಗಳು
ತಮ್ಮಷ್ಟಕ್ಕೆ ತಾವೇ ಕುಣಿಯತೊಡಗಿದವು.
ಲೆಕ್ಕಕ್ಕಲ್ಲದೆ ಅವು ಸದ್ದು ಮಾಡಿದ್ದನ್ನು
ನಾನು ಅಲ್ಲಿಯ ತನಕ ಕೇಳಿರಲಿಲ್ಲ.
"ತಲೆನೋವು" ಎಂದು ಇನಾಸ ಬೀಡಿ ಹಚ್ಚಿದ.
ಅವನ ಕಾಲು ಬ್ರೇಕಿನ ಮೇಲೆ ತಾಳ ಹಾಕುತ್ತಿತ್ತು. ನಾನು ಹೇಳಲಿಲ್ಲ.

ನಿಮ್ಮ ಸರದಿ. ಹನ್ನೆರಡು ನಿಮಿಷ.
ಹೆಸರು: ದ್ವಾರಕಾ ಹರಿಕಂತ್ರ. ವಯಸ್ಸು: ನಲವತ್ತಮೂರು.
ಹೆಣ್ಣು ಎಂದು ಒತ್ತಿ ಒಂದು ಗಳಿಗೆ ಕಾದೆ.
ದರ ಸೊನ್ನೆಯಾಗಲಿಲ್ಲ.
ದಿನಕ್ಕೆ ಮುನ್ನೂರು ಸೊನ್ನೆ ಟಿಕೆಟ್ ಹರಿದು ಕೊಡುವ ಕೈಗೆ
ಅಭ್ಯಾಸದ ಆಸೆ, ನಗಬೇಡಿ.

ನಾಲ್ಕು ಸಾವಿರದ ಐನೂರು. ಮೇಲೆ ಅನುಕೂಲದ ಶುಲ್ಕ
ಮುನ್ನೂರ ಹದಿನೆಂಟು ರೂಪಾಯಿ ನಲವತ್ತು ಪೈಸೆ.
ಯಾರ ಅನುಕೂಲ? ಬರೆದಿರಲಿಲ್ಲ.
ನನ್ನಲ್ಲಾದರೆ ಎರಡು ರೂಪಾಯಿ ಬಾಕಿ ಉಳಿದರೂ
ಟಿಕೆಟ್ಟಿನ ಬೆನ್ನಿಗೆ ಬರೆದು ಕೊಡುತ್ತೇನೆ,
ಇಳಿಯುವಾಗ ಕೇಳಿ ಅಂತ.

ಇನಾಸ ಬಂದ, ಗಾಡಿ ಹೊರಟಿತು.
ಓಟಿಪಿ ಬರುವುದಕ್ಕೂ ಶೇವಂತಿಬಾಯಿ ಬುಟ್ಟಿ ಸಮೇತ ಹತ್ತುವುದಕ್ಕೂ ಸರಿಹೋಯಿತು.
"ನನಗೆ ಫುಕಟ್, ಬಾಂಗಡೆಗೆ ಯಾಕೆ ಟಿಕೆಟ್?"
ದಿನದ ಜಗಳ. ಆಡದೆ ಬಿಟ್ಟರೆ ಅವಳಿಗೆ ಬೇಜಾರು.
"ಬಾಂಗಡೆಯ ಆಧಾರ್ ಕಾರ್ಡ್ ತೋರಿಸು ಹಂಗಾದ್ರೆ."
ಇಡೀ ಬಸ್ಸು ನಕ್ಕಿತು. ಓಟಿಪಿ ಹಳಸಿತು.

ಇನ್ನೊಂದು ಬಂದದ್ದು ಕಾಳಿ ಸೇತುವೆಯ ಮೇಲೆ.
ಆರು ಅಂಕಿ, ಹತ್ತು ಸೆಕೆಂಡು,
ಕೆಳಗೆ ನೀರು, ಒಳಗೆ ಗಾಳಿ. ಒತ್ತಿದೆ.

ಒಂದು ಚೌಕ ಬಂತು, ಕಪ್ಪು ಬಿಳಿ,
ಇಲಿ ಕಡಿದ ಬಲೆಯ ತುಂಡಿನ ಹಾಗೆ. ಕೆಳಗೆ ನನ್ನ ಹೆಸರು.
ಹದಿನೇಳು ವರ್ಷ ಬಸ್ಸಿನಲ್ಲೇ ತಿರುಗಿದ್ದೇನೆ,
ನನಗೆಂದು ಒಂದು ಟಿಕೆಟ್ ಹರಿದುಕೊಂಡದ್ದಿಲ್ಲ.
ರಜೆ ಇನ್ನೂ ಕೇಳಿಲ್ಲ. ಕಾರಣದ ಖಾನೆಗೆ ಏನು ಬರೆಯಲಿ?
ಜ್ವರ, ಲಗ್ನ, ತಿಥಿ, ಎಲ್ಲ ಈ ವರ್ಷ ಬಳಸಿಯಾಗಿದೆ.

"ಎಂತದೇ ಅದು? ಎಲ್ಲಿಗೆ?" ಶೇವಂತಿಬಾಯಿ ಬಗ್ಗಿ ನೋಡಿದಳು.
ದಿನವೆಲ್ಲ ನಾನು ಕೇಳುವ ಪ್ರಶ್ನೆ.
ಸ್ಟಾಪಿನ ಹೆಸರು ಬಾಯಿಗೆ ಬರಲಿಲ್ಲ.
ಚೀಲ ಎತ್ತಿ ಅವಳ ಕಿವಿಯ ಹತ್ತಿರ ಅಲ್ಲಾಡಿಸಿದೆ.

"ಇಷ್ಟು ಚಿಲ್ಲರೆ ಇಟ್ಕೊಂಡು" ಎಂದಳು,
"ನಿನ್ನೆ ನನ್ನ ಮೂರು ರೂಪಾಯಿಗೆ ಇಲ್ಲ ಅಂದ್ಯಲ್ಲೇ!"