ಬಣ್ಣದ ಮಾತೆತ್ತಬೇಡ

ಉಪ್ಪಿನ ಡಬ್ಬಿಯೇ ಕಾರು.
ಸಾಸಿವೆ ಬಾಟಲಿ ಮ್ಯಾನೇಜರು, ಒಳಕೋಣೆಯಲ್ಲಿರುತ್ತಾನೆ,
ಯಾರ ಕಣ್ಣಿಗೂ ಬೀಳುವುದಿಲ್ಲ.
ನನ್ನ ಅಡುಗೆಮನೆ ಮೇಜಿನ ಆಚೆಬದಿಗೆ ಆರ್ಲನ್,
ಮೂವತ್ತೊಂದು ವರ್ಷ ಮೈನಾಟ್ ಊರಿನಲ್ಲಿ ಕಾರು ಮಾರಿದವನು,
ನಿವೃತ್ತನಾದರೂ ಟೈ ಬಿಗಿದುಕೊಂಡೇ ಬಂದಿದ್ದಾನೆ
ನನಗೆ ಪಾಠ ಹೇಳಲು.

ತಿಂಗಳಿಗೆಷ್ಟು ಕಟ್ಟುತ್ತೀರಿ ಅಂತಾರೆ, ವರ್ನಾ,
ಹೇಳಬೇಡ. ಒಟ್ಟು ಎಷ್ಟು, ಅಷ್ಟೇ ಕೇಳು.
ಕಾಫಿ ಕೊಟ್ಟರೆ ಕುಡಿ, ಅದರ ಋಣವೇನೂ ಇಲ್ಲ.
ಹಳೇ ಕಾರಿನ ಕೀಲಿ ಮಾತ್ರ ಕೈಬಿಡಬೇಡ,
ನೋಡಿ ಕೊಡ್ತೀವಿ ಎಂದು ಒಯ್ದವರು
ನೀನು ಎದ್ದು ಹೊರಟಾಗ ಹುಡುಕುತ್ತಲೇ ಇರುತ್ತಾರೆ.
ಆ ನೀಲಿ ಕಂಡು ಮನಸ್ಸು ಕರಗಿತೋ, ಕರಗಲಿ,
ಮುಖಕ್ಕೆ ತರಬೇಡ.
ಬಾಯಿ ಬಿಟ್ಟರೆ ಬಣ್ಣಗೇಡು.
ಬೆಲೆ ಹೇಳಿದ ಮೇಲೆ ಸುಮ್ಮನೆ ಕೂತಿರು:
ಮೊದಲು ಮಾತಾಡಿದವರು ಸೋತರು.

ಲಕೋಟೆಯ ಬೆನ್ನಿಗೆ ಬರೆದುಕೊಳ್ಳುತ್ತೇನೆ.
ಹತ್ತೊಂಬತ್ತು ಚಳಿಗಾಲ
ಶಾಲೆಯ ಬಸ್ಸು ಓಡಿಸಿದ ಕೈ ಇದು,
ನಲವತ್ತೆಂಟು ಮಕ್ಕಳು, ಗಾಜಿನಂಥ ರಸ್ತೆ, ನಡುಗಿದ್ದಿಲ್ಲ.
ಟೈ ಕಟ್ಟಿದ ಹುಡುಗನೊಬ್ಬನಿಗೆ ಬೇಡ ಎನ್ನಲು
ನಾಲಿಗೆ ಏಳುವುದಿಲ್ಲ.

ಸರಿ, ಆಡೋಣ ಎಂದ. ದನಿಯೇ ಬೇರೆಯಾಯಿತು,
ಬೆಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ.
ಮೂರನೇ ಸುತ್ತಿಗೆ ನಾನು
ಉಪ್ಪಿನ ಡಬ್ಬಿಗೆ ತುಕ್ಕು ಹಿಡಿಯದ ಲೇಪ,
ಎಂಟು ವರ್ಷದ ವಾರಂಟಿ,
ಚಕ್ರಕ್ಕೆ ನೈಟ್ರೋಜನ್ ಗಾಳಿ, ಎಲ್ಲ ಕೊಂಡಿದ್ದೆ.
ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಾಲ್ಕನೆಯ ಸಲ ನಾನು ಸುಮ್ಮನೆ ಕೂತೆ.
ಫ್ರಿಜ್ಜು ಗುರ್ ಎಂದು ನಿಂತಿತು.
ಅವನು ಡಬ್ಬಿಯನ್ನು ತಿರುಗಿಸಿದ, ಮತ್ತೆ ತಿರುಗಿಸಿದ,
ನಾಲ್ಕು ಹರಳು ಮೇಜಿನ ಮೇಲೆ ಉದುರಿದವು.
"ಹಾಲ್ವರನಿಗೆ ಆ ಕಂದು ಟ್ರಕ್ಕು ಮಾರಿದ್ದು ನಾನೇ," ಎಂದ,
ಟೈ ಸಡಿಲಿಸುತ್ತ.
"ಒಂಬೈನೂರು ಡಾಲರು ಜಾಸ್ತಿಗೆ.
ಕೆಳಗೆಲ್ಲ ತುಕ್ಕು, ಗೊತ್ತಿತ್ತು."

ಹಾಲ್ವರನಿಗೂ ಗೊತ್ತಿತ್ತು.
ಆರ್ಲನ್ನನ ಮಗಳಿಗೆ ಹಲ್ಲಿನ ತಂತಿ ಹಾಕಿಸಿದ ವರ್ಷ ಅದು
ಎಂದು ಆ ರಾತ್ರಿ ನನ್ನ ಹತ್ತಿರ ಅಂದಿದ್ದ,
ಬೂಟು ಕಳಚುತ್ತ, ನಗುತ್ತ.
ಈಗ ಹೇಳಿಬಿಡಲೇ?
ಲಕೋಟೆಯ ಕಡೇ ಸಾಲು ನೋಡಿದೆ.
ಹೇಳಲಿಲ್ಲ.
ಇನ್ನಷ್ಟು ಕಾಫಿ ಸುರಿದೆ.

ಅವನು ಹೋದ ಮೇಲೆ ಹೊರಗೆ ಬಂದು
ಹಳೇ ಕಾರಿನ ಮೂತಿಯಿಂದ ಜೋತ ವೈರನ್ನು
ಗೋಡೆಯ ಪ್ಲಗ್ಗಿಗೆ ಚುಚ್ಚಿದೆ.
ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ. ರಾತ್ರಿಯಿಡೀ ಎಂಜಿನ್ನು ಬೆಚ್ಚಗಿರಬೇಕು,
ಹೊಸದನ್ನು ಕೊಳ್ಳಲಿಕ್ಕೂ
ಇದೇ ಹೊರಡಬೇಕಲ್ಲ ಬೆಳಿಗ್ಗೆ.