ಹನ್ನೊಂದು ಸೆಕೆಂಡು

ನಾರಿನ್ ಊರಿನ ಪಾಲಿಟೆಕ್ನಿಕ್ಕಿನಲ್ಲಿ
ಬಾಗಿಲು ಕಾಯುವುದು ನನ್ನ ಕೆಲಸ.
ಬಾಗಿಲೆಂದರೆ ಮರದ್ದಲ್ಲ, ಕಬ್ಬಿಣದ್ದೂ ಅಲ್ಲ;
ನೆಲಮಾಳಿಗೆಯ ಕಪಾಟಿನೊಳಗೆ
ಹಸಿರು ಕಣ್ಣು ಮಿಟುಕಿಸುತ್ತ ಗುರುಗುಟ್ಟುವ
ಒಂದು ಡಬ್ಬಿ.
ಒಳಗಿನವರು ಹೊರಗೇನು ನೋಡಬಹುದು, ಏನು ಕೂಡದು,
ಅದರ ಪಟ್ಟಿ ನನ್ನ ಬಳಿ.
ಪಟ್ಟಿಯ ಕೊನೆಗೆ ನಿರ್ದೇಶಕ ಕಾಸಿಮಾಲಿಯವರ ಸಹಿ;
ಸಹಿಯ ಬಾಲ ಹಾಳೆ ದಾಟಿ ಹೋಗುತ್ತದೆ.

ಸೋಮವಾರ ಹಾವಿನಾಟಕ್ಕೆ ಬೀಗ ಹಾಕಿದೆ.
ಬಣ್ಣದ ಚುಕ್ಕಿ ನುಂಗುತ್ತ ಉದ್ದವಾಗುವ ಹಾವು,
ಇನ್ನೊಂದರ ಮೈಗೆ ಮೂತಿ ತಾಗಿದರೆ ಸಾವು,
ಅಷ್ಟೇ ಆಟ. ಅದಕ್ಕೆ ಇನ್ನೂರು ಮಕ್ಕಳು
ಜೀವ ಬಿಡುತ್ತಿದ್ದರು, ದಿನಕ್ಕೆ ನೂರು ಸಲ.
ಮಂಗಳವಾರ ಬೇರೆ ವಿಳಾಸದಲ್ಲಿ ಹೆಡೆಯೆತ್ತಿತು.
ಬುಧವಾರ ಅದಕ್ಕೂ ಬೀಗ.
ಗುರುವಾರ ಸರ್ವೇ ವಿಭಾಗದ ಎಲ್ದಿಯಾರ್ ಎಂಬ ಪೋರ
'ಸೇತುವೆ ಲೆಕ್ಕ, ಪಾಠ ಏಳು' ಅಂತ ಹೆಸರಿಟ್ಟು
ಅದನ್ನೇ ಕರೆತಂದ.
ನಾನು ಚಾಪೆಯಡಿ ನುಸುಳಿದರೆ
ರಂಗೋಲಿಯಡಿ ನುಸುಳುವ ಜಾತಿ.

ಸಿಟ್ಟಿಗೆ 'ಹಾವು', 'ಹುಳು' ಎಂಬ ಪದಗಳನ್ನೇ
ನಿಷೇಧಿಸಿಬಿಟ್ಟೆ.
ಶುಕ್ರವಾರ ಪಶುವೈದ್ಯದ ಬುರುಲ್ ಮೇಡಂ
ಬೂಟಿನ ಹಿಮವನ್ನೂ ಕೊಡವದೆ ಮೆಟ್ಟಿಲಿಳಿದು ಬಂದರು:
"ಕುರಿಗೆ ಹಾವು ಕಚ್ಚಿದರೆ ಏನು ಮಾಡಬೇಕೆಂಬ ಪುಟ
ತೆರೆಯುತ್ತಿಲ್ಲ. ಜಂತುಹುಳುವಿನದೂ ಇಲ್ಲ.
ನಿನ್ನ ಡಬ್ಬಿ ಬಂದು ಕುರಿ ಕಾಯುತ್ತದೋ?"
ಕಾಯುವುದಿಲ್ಲ, ಮೇಡಂ.
ಪದ ವಾಪಸು ಬಿಟ್ಟೆ.
ಹಿಂದೆಯೇ ಹಾವೂ ಬಂತು.

ಒಪ್ಪಿಕೊಳ್ಳುತ್ತೇನೆ, ಈ ಕೆಲಸದಲ್ಲಿ
ಮುಖಗಳಿಲ್ಲ, ಅಂಕಿಗಳಿವೆ.
ಗ್ರಂಥಾಲಯದ ಹದಿನಾಲ್ಕನೆಯ ಯಂತ್ರ
ಊಟದ ಹೊತ್ತಿಗೂ ಮಲಗುವುದಿಲ್ಲ ಅಂತ ಗೊತ್ತು,
ಎದುರು ಕೂತವರು ಯಾರೆಂದು ಗೊತ್ತಿಲ್ಲ.
ಹಾಸ್ಟೆಲಿನ ಮೂರನೆಯ ಮಹಡಿಯಲ್ಲಿ ಯಾರೋ
ರಾತ್ರಿ ಒಂದೂಕಾಲಿಗೆ
ಒಂದೇ ಹಾಡನ್ನು ಹುಡುಕುತ್ತಾರೆ, ದಿನಾ.
ಸಿಗುವುದಿಲ್ಲ.
ಅದಕ್ಕೂ ಬೀಗ ಹಾಕಿದವನು ನಾನೇ.

ಆ ಶನಿವಾರ ಹಿಮ ನಿಲ್ಲಲೇ ಇಲ್ಲ.
ಕಣಿವೆಯಲ್ಲಿ ಎಲ್ಲೋ ಕಂಬ ಮುರಿದು
ಬಿಷ್ಕೆಕ್ಕಿನ ತಂತಿ ಕಡಿಯಿತು.
ಬಾಗಿಲಾಚೆ ಲೋಕವೇ ಇಲ್ಲದಾಗ
ಬಾಗಿಲು ಕಾಯುವವನು ಏನು ಮಾಡಬೇಕು?
ಚಹಾ ಕಾಸಿದೆ.
ಆದರೂ ಹಸಿರು ಕಣ್ಣು ಮಿಟುಕುತ್ತಲೇ ಇತ್ತು.
ನೋಡಿದರೆ ಒಳಗೊಳಗೇ ಸಂತೆ!
ಮೂವತ್ತೊಂದು ಯಂತ್ರ,
ಎಲ್ಲದರ ಮುಖವೂ ಹದಿನಾಲ್ಕರ ಕಡೆಗೆ.
ನನ್ನ ಬೇಲಿ ಇರುವುದು ಹೊಲದ ಸುತ್ತ,
ಹೊಲದ ನಡುವೆ ಮೊಳೆತದ್ದನ್ನು ಅದು ಕಾಣದು.

ಟಾರ್ಚು ಹಿಡಿದು ಹತ್ತಿದೆ.
ಬಾಯ್ಲರು ಆರಿಹೋಗಿ ಎಲ್ಲರೂ ಕೋಟಿನಲ್ಲೇ,
ಒದ್ದೆ ಉಣ್ಣೆಯ ವಾಸನೆ, ಬಾಯಿಬಾಯಿಗೂ ಹಬೆ,
ಬೆರಳತುದಿ ಕತ್ತರಿಸಿದ ಕೈಗವಸು.
ಹದಿನಾಲ್ಕರ ಮುಂದೆ ಹೊಲಿಗೆ ವಿಭಾಗದ ಹುಡುಗಿ,
ಐಝಿರೆಕ್.
ಮೂರು ತಿಂಗಳು ಊಟ ಬಿಟ್ಟು ತಾನೇ ಬರೆದ ಆಟ.
ಅದರಲ್ಲಿ ಹಾವಿಲ್ಲ.
ಮುಂದೆ ಸೂಜಿ, ಹಿಂದೆ ದಾರ,
ಗುಂಡಿಗಳನ್ನು ಪೋಣಿಸುತ್ತ ಉದ್ದವಾಗಬೇಕು,
ಇನ್ನೊಬ್ಬರ ದಾರಕ್ಕೆ ಸಿಕ್ಕರೆ ಗಂಟು.
ನನ್ನ ಪಟ್ಟಿಯಲ್ಲಿ ಸೂಜಿಯಿಲ್ಲ. ದಾರವೂ ಇಲ್ಲ.

ಕೀಲಿಗಳ ಸದ್ದು ಒಂದೊಂದಾಗಿ ನಿಂತಿತು.
ಯಾರೋ ಮೂಗೆಳೆದರು.
ಅವಳು ಕಾಲಿನಿಂದ ಪಕ್ಕದ ಕುರ್ಚಿ ತಳ್ಳಿ
"ಬಿಳಿ ದಾರ ಖಾಲಿ ಇದೆ" ಅಂದಳು,
ಪರದೆಯಿಂದ ಕಣ್ಣು ತೆಗೆಯದೆ.

ಹನ್ನೊಂದು ಸೆಕೆಂಡು ಬದುಕಿದ್ದೆ.
ಎರಡು ಗುಂಡಿ, ಒಂದು ತಿರುವು, ಗಂಟು.
ಎಲ್ದಿಯಾರ್ ಸಾವಿನ ಮನೆಯಲ್ಲಿ ಮಾಡುವಂತೆ
ಎರಡೂ ಅಂಗೈಯಿಂದ ಮುಖ ಸವರಿಕೊಂಡ.
ಆ ನಗೆಗೆ ಕಿಟಕಿಯ ಹಿಮ ಜಾರಿ ಬಿತ್ತು,
ಅಥವಾ ಅದು ಬೀಳುವ ಹೊತ್ತಾಗಿತ್ತು.
ಬೇಲಿಯೇ ಎದ್ದು ಹೊಲ ಮೇಯಿತು ಅಂತ
ಯಾರೂ ಅನ್ನಲಿಲ್ಲ.
ನಾನೇ ಅಂದುಕೊಂಡೆ, ಮತ್ತೆ ಕೀಲಿ ಒತ್ತುತ್ತ.

ಬೆಳಗ್ಗೆ ಕಾಸಿಮಾಲಿಯವರ ದಪ್ಪ ದಫ್ತರದಲ್ಲಿ
'ರಾತ್ರಿಪಾಳಿಯ ವಿಶೇಷ' ಎಂಬ ಕಲಮಿನಡಿ ಬರೆದೆ:
ಹಿಮ. ತಂತಿ ಕಡಿದಿದೆ.
ಬಿಳಿ ದಾರ, ನಲವತ್ತಾರು ಗುಂಡಿ.
ಆಮೇಲೆ ಕೊನೆಯ ಸಾಲನ್ನು
ಓದಲಾಗದಷ್ಟು ಹೊಡೆದುಹಾಕಿದೆ,
ಸುಮಾರಾಗಿ.