ಕಾಸಗಲ

ಬ್ಯಾಟರಿ ಹೊಸದು. ಸ್ಟಾರ್ಟರು ಹೊಸದು.
ಪಕ್ಕದ ಹೊಲದ ಕೋಲಿನ್ ಬಂದು
ಕಾಯಿಲ್ ಬದಲಿಸಿ, ಸ್ವಿಚ್ಚು ಬದಲಿಸಿ,
ಕೊನೆಗೆ ತನ್ನ ಟೋಪಿಯನ್ನೇ ಹಿಂದುಮುಂದು ಮಾಡಿ ಹಾಕಿಕೊಂಡು
ಹೊರಟುಹೋದನಂತೆ.
ಇಷ್ಟು ಹೇಳಿ ಗ್ವೆನ್ ಟ್ರೆಗಾಸ್ಕಿಸ್
ಶೆಡ್ಡಿನ ತಗಡು ಬಾಗಿಲು ಸರಿಸಿದಳು.

ಅಬ್ಬಾ, ಎಂಥ ಬೂದು!
ಎಪ್ಪತ್ತು ದಾಟಿದ ಟ್ರ್ಯಾಕ್ಟರು
ನಾಳೆ ಹಸೆಗೆ ಕೂರುವ ಹಾಗೆ ನಿಂತಿದೆ.
ಶನಿವಾರ ಕಡಿನಾದಲ್ಲಿ ಹಳೆ ಯಂತ್ರಗಳ ಮೆರವಣಿಗೆ.
ಎರಡು ಚಳಿಗಾಲ ಕೂತು, ಬೋಲ್ಟು ಬೋಲ್ಟು ಬಿಚ್ಚಿ,
ತುಕ್ಕು ಉಜ್ಜಿ, ಪ್ರೈಮರು ಬಳಿದು,
ಅದರ ಮೇಲೆ ಎರಡು ಕೋಟು.
"ನಾನೇ ಹೊಡೆದದ್ದು," ಅಂದಳು,
"ಕಣ್ಣಿಗೆ ಬೀಳದ ಕಡೆಯೂ."

ಮಾತು ಆಗಲೇ ಕಿವಿಗೆ ಬಿದ್ದಿತ್ತು.
ತಲೆಗೆ ಇಳಿಯಲಿಲ್ಲ.

ಗೇರಿನ ಕೋಲನ್ನು ಸ್ಟಾರ್ಟಿನ ಮನೆಗೆ ತಳ್ಳಿದೆ.
ಒಂದು ನರಳು. ದೀಪ ಮಂಕು. ಮತ್ತೆ ಮೌನ.
ಕೊಲ್ಲಿಯ ಕಡೆಯಿಂದ ಉಪ್ಪುಗಾಳಿ ಬೀಸಿ
ಸೂರಿನ ತಗಡು ಮಾತ್ರ ಗಡಗಡ ಅಂದಿತು.

ರಾಣೆಬೆನ್ನೂರಿನಲ್ಲಿ ಅಪ್ಪನದು ಮೋಟಾರು ರೀವೈಂಡಿಂಗ್ ಅಂಗಡಿ.
ಬೇಸಿಗೆಯ ಬೆಳಿಗ್ಗೆ ನನ್ನದೊಂದೇ ಕೆಲಸ:
ಹಿತ್ತಲಿನ ಅರ್ತ್ ಗುಂಡಿಗೆ ಒಂದು ಕೊಡ ನೀರು.
ಉಪ್ಪು, ಇದ್ದಿಲು ತುಂಬಿದ ಗುಂಡಿ
ಗೊಟಗೊಟ ಕುಡಿಯುತ್ತಿತ್ತು.
ಯಾಕಪ್ಪಾ ಇದಕ್ಕೆ ನೀರು ಅಂದರೆ
"ಅರ್ತ್ ಕಣವ್ವಾ" ಅನ್ನುತ್ತಿದ್ದ.
ನನಗೆ ಕೇಳುತ್ತಿದ್ದುದು ಅರ್ಥ.
ಶಾಲೆಯಲ್ಲಿ ಮೇಷ್ಟ್ರು ಪದ್ಯದ ಅರ್ಥ ಕೇಳಿದಾಗಲೆಲ್ಲ
ಇವತ್ತು ನೀರು ಹಾಕಿದೆನೋ ಇಲ್ಲವೋ ಎಂದು
ಎದೆ ಧಸಕ್ಕೆನ್ನುತ್ತಿತ್ತು.

ಇಲ್ಲಿ ಗುಂಡಿಯಿಲ್ಲ.
ನಾಲ್ಕು ರಬ್ಬರು ಗಾಲಿಯ ಮೇಲೆ ನಿಂತ ಪ್ರಾಣಿಗೆ
ನೆಲದ ನಂಟೇ ಇಲ್ಲ.
ಮೈಯ ಕಬ್ಬಿಣವೇ ಅದಕ್ಕೆ ಭೂಮಿ.
ಅದರಲ್ಲೂ ಆ ಕಾಲದ ಯಂತ್ರ, ಎಲ್ಲ ತಿರುಗುಮುರುಗು:
ಪ್ಲಸ್ಸನ್ನು ಮೈಗೆ ಕಟ್ಟಿಕೊಂಡು
ಮೈನಸ್ಸನ್ನು ಊರು ಸುತ್ತಿಸುತ್ತದೆ.

ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ,
ಇನ್ನೊಂದು ಎಂಜಿನ್ನಿನ ಬೋಳು ಕಬ್ಬಿಣಕ್ಕೆ.
ಬೋಳು ಜಾಗ ಹುಡುಕುವುದೇ ಹರಸಾಹಸ,
ಕಡೆಗೆ ಒಂದು ಬೋಲ್ಟಿನ ಮರೆಯ ಮರೆ ಸಿಕ್ಕಿತು.
"ಈಗ ತಳ್ಳಿ, ಗ್ವೆನ್."
ಅರೆ ವೋಲ್ಟೂ ದಾಟಬಾರದ ಕಡೆ
ಐದೂವರೆ.
ನಡುದಾರಿಯಲ್ಲಿ ಯಾರೋ ಸುಂಕ ವಸೂಲಿಗೆ ಕೂತಿದ್ದಾರೆ.

ಹೋಗುವ ದಾರಿಗೆ ಕೋಲಿನ್ ಹೊಸ ತಂತಿ ಎಳೆದಿದ್ದ.
ಮರಳುವ ದಾರಿಯನ್ನು ಮುಟ್ಟಿ ನೋಡಿರಲಿಲ್ಲ.
ಹೆಣೆದ ತಾಮ್ರದ ಪಟ್ಟಿ, ಎರಡು ಬೆರಳು ಅಗಲ;
ಅವಳ ಮುತ್ತಜ್ಜಂದಿರು ಇದೇ ನೆಲದಡಿಯಿಂದ
ಅಗೆದು ತೆಗೆದ ತಾಮ್ರವೋ ಏನೋ.
ತುದಿಯಲ್ಲಿ ಹಸಿರು ಕಿಲುಬು.
ಅಪ್ಪನ ಗುಂಡಿಗೆ ಅಮೃತವಾಗಿದ್ದ ಉಪ್ಪು
ಇಲ್ಲಿ ಗಾಳಿಯಲ್ಲಿ ಬಂದು ತಾಮ್ರ ತಿನ್ನುತ್ತದೆ.
ಉಜ್ಜಿದೆ.
ನಾಲ್ಕಕ್ಕೆ ಇಳಿಯಿತು. ಇನ್ನೂ ನಾಲ್ಕು.

ಬೋಲ್ಟು ಬಿಚ್ಚಿದೆ.
ಅಡಿಯಲ್ಲಿ ಬೂದು. ಕನ್ನಡಿಯಂಥ ಬೂದು.
ಪಟ್ಟಿ ಕೂರುವ ಪೀಠಕ್ಕೂ ಎರಡು ಕೋಟು.

ಕೆರೆಯಬೇಕು, ಅಂದೆ.
"ಎಷ್ಟು?"
ಹೆಬ್ಬೆರಳು ತೋರುಬೆರಳು ಸೇರಿಸಿ ತೋರಿಸಿದೆ: ಕಾಸಗಲ.
ನನ್ನಜ್ಜಿ ಹಣೆಗೆ ಇಡುತ್ತಿದ್ದಷ್ಟು.
ಉಳಿಯನ್ನು ನನ್ನ ಕೈಯಿಂದ ಕಿತ್ತುಕೊಂಡು
ತಾನೇ ಬಗ್ಗಿದಳು ಗ್ವೆನ್, ಉಸಿರು ಬಿಗಿಹಿಡಿದು.
ಬೂದು. ಅದರಡಿ ಪ್ರೈಮರಿನ ಕೆಂಪು. ಅದರಡಿ
ಫಳಕ್ಕನೆ ಬೆಳ್ಳಿ.
ಕಬ್ಬಿಣ ಇಷ್ಟು ಬೆಳ್ಳಗಿರುತ್ತದೆಂದು
ನಮ್ಮಿಬ್ಬರಿಗೂ ಮರೆತೇಹೋಗಿತ್ತು.

ಪಟ್ಟಿ ಕೂರಿಸಿ, ಬಿಗಿದು, ಗ್ರೀಸು ಸವರಿ,
ಕೋಲು ತಳ್ಳಿದಳು.
ಮೊದಲ ತಿರುವಿಗೇ ಹತ್ತಿತು!
ಸೂರಿನ ಮೇಲಿದ್ದ ಮ್ಯಾಗ್‌ಪೈಗಳು ಬೈಯುತ್ತ ಹಾರಿದವು,
ಬಾರ್ಲಿಯ ಕೂಳೆಯಾಚೆ ಕೋಲಿನ್ನನ ನಾಯಿ ಬೊಗಳಿತು.

ಗ್ವೆನ್ ಏನೂ ಹೇಳಲಿಲ್ಲ.
ಬಾನೆಟ್ಟಿನ ಮೇಲೆ ನನ್ನ ಎಣ್ಣೆಗೈಯ ಗುರುತೊಂದು ಕಂಡು
ಹ್ಹಾ ಎಂದು ಅದಕ್ಕೆ ಉಸಿರು ಊದಿ
ಅಂಗಿಯ ತೋಳಿನಿಂದ ಒರೆಸುತ್ತಿದ್ದಳು.